ಸಿಟ್ಟೆಳೆಯುವ ಪಂಪು

ಲೋಕದಲ್ಲಿ ಪೆಟ್ರೋಲು ಮುಗಿದ ಮೇಲೆ ಕಾರುಗಳು ಮನುಷ್ಯರ ಸಿಟ್ಟಿನಿಂದ ಓಡುತ್ತಿದ್ದವು. ಗದಗಿನ ವಿರುಪಣ್ಣ ಹೆಂಡತಿ ನೀಲವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಮುಂಗೈಗೆ ಎಂಜಿನ್ ಪಂಪಿನ ನಳಿಕೆ ಸಿಕ್ಕಿಸಿ, ಅವಳ ತವರನ್ನು ಬೈಯುತ್ತ ಗಾಡಿ ಓಡಿಸುತ್ತಿದ್ದ. ಗುಡ್ಡ ಏರುವಾಗ ಪಂಪು ಎಳೆದ ಸಿಟ್ಟು ಸಾಲುತ್ತಿರಲಿಲ್ಲ.

ಗ್ಯಾರೇಜಿನ ದಾವಲಸಾಬನಿಗೆ, "ಕಂಪನಿ ಪಂಪು ತಗದು ದೊಡ್ಡದು ಹಾಕು," ಎಂದ.

"ದೊಡ್ಡದು ಕಂಪನೀದಲ್ಲ, ಹೊರಗಿನ ಮಾಲು ಐತ್ರಿ. ಆದ್ರ ಭಾಳ ಎಳೀತೈತಿ, ಅಕ್ಕಾರಿಗೆ ತಡಿಯಂಗಿಲ್ಲ."

"ಅಕಿ ಸಿಟ್ಟಿಗೇನು ಬರ ಇಲ್ಲ. ಹಾಕು."

ಹೊಸ ಪಂಪು ಕೂತ ಮೇಲೆ ವಿರುಪಣ್ಣ ಸತ್ತ ಮಾವನನ್ನೂ ಬಿಡದೆ ಬೈದ. ಗಾಡಿ ಗುಡುಗುತ್ತ ಹಾರಿ, ಏರಿನ ನಡುವೆ ನಿಂತುಬಿಟ್ಟಿತು. ಮತ್ತೆ ಬೈದ. ಅವಳ ಕೆನ್ನೆಗೆ ಹೊಡೆದ. ಎಂಜಿನ್ ಮಿಸುಕಲಿಲ್ಲ.

ನೀಲವ್ವ ನಳಿಕೆ ಕಿತ್ತು ಅವನ ತೊಡೆಯ ಮೇಲಿಟ್ಟಳು. "ನಿಮ್ಮ ಮ್ಯಾಲಿನ ಸಿಟ್ಟೊಂದ ನನ್ನ ಇಲ್ಲಿ ಹಿಡಿದಿತ್ತು. ಈಗ ಅದೂ ಇಲ್ಲ," ಎಂದು ಇಳಿದವಳು, ಜನ ಜಗಳಾಡುತ್ತಿದ್ದ ಬಸ್ಸೊಂದಕ್ಕೆ ಕೈಮಾಡಿ ಹತ್ತಿಹೋದಳು.