ಬ್ಯಾಟರಿ ಮದುವೆ

ವಧುವಿನ ಹೆಸರನ್ನು ಗುಮಾಸ್ತೆ ಯಾನೇಲಿ ಅರ್ಧ ಟೈಪ್ ಮಾಡುವಷ್ಟರಲ್ಲಿ ಕರೆಂಟ್ ಹೋಯಿತು. ಕಂಪ್ಯೂಟರಿನ ಪರದೆ ಕಪ್ಪಾಯಿತು. ತಲೆಯ ಮೇಲಿನ ಫ್ಯಾನು ನಿಧಾನವಾಗಿ ತಿರುಗುತ್ತ ನಿಂತುಹೋಯಿತು. ನೋಂದಣಿ ಕಚೇರಿಯ ಆ ಸಣ್ಣ ಕೋಣೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಕರೆಂಟ್ ಹೋಯಿತೆಂದು ಕ್ಯೂಬಾದಲ್ಲಿ ಯಾರು ಆಶ್ಚರ್ಯಪಡುತ್ತಾರೆ?

“ಸೋಮವಾರ ಬನ್ನಿ ಮಾಮಾ,” ಎಂದು ಯಾನೇಲಿ ಕುರ್ಚಿ ಹಿಂದಕ್ಕೆ ತಳ್ಳಿದಳು. “ಇನ್ನು ಯಾವಾಗ ಬರುತ್ತೋ ಏನೋ. ಮೊದಲಿನ ಹಾಗೆ ಪುಸ್ತಕದಲ್ಲಿ ಬರ್ಕೊಳ್ಳೋ ಹಾಗಿಲ್ಲ, ಎಲ್ಲಾ ಇದರಲ್ಲೇ ಆಗ್ಬೇಕು.”

ಮದುಮಗ ಎವೆಲಿಯೋನ ಮುಖ ಬಿಳಿಚಿಕೊಂಡಿತು. ಅವನಿಗೆ ಅರವತ್ತು ದಾಟಿತ್ತು. ಪಕ್ಕದ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನೆರೇಯ್ದಾಳಿಗೂ ಹತ್ತಿರ ಹತ್ತಿರ ಅಷ್ಟೇ. ಇಪ್ಪತ್ತಾರು ವರ್ಷದಿಂದ ಇಬ್ಬರೂ ಒಂದೇ ಮನೆಯಲ್ಲಿದ್ದರು. ವರ್ಷಕ್ಕೊಂದು ಸಲವಾದರೂ ಅವನು “ಮದುವೆಯಾಗೋಣ ಕಣೇ” ಎನ್ನುವುದು, ಅವಳು “ಈಗೇನು ಕಡಿಮೆಯಾಗಿದೆ?” ಎಂದು ಒಳಗೆ ಹೋಗಿಬಿಡುವುದು ನಡೆದೇ ಇತ್ತು. ಈ ಬೆಳಿಗ್ಗೆ ಮಾತ್ರ ಕಾಫಿ ಸೋಸುತ್ತ ಸೋಸುತ್ತ, ತಾನಾಗಿಯೇ, “ಸರಿ, ಇವತ್ತು ಹೋಗಿ ಆಗಿಬಿಡೋಣ” ಎಂದಳು. ಎವೆಲಿಯೋ ಯಾಕೆಂದು ಕೇಳಲಿಲ್ಲ. ಕಾಫಿಯನ್ನೂ ಮುಟ್ಟಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಸಾಕ್ಷಿಗೆಂದು ಪಕ್ಕದ ಮನೆಯ ಗಂಡಹೆಂಡತಿಯನ್ನು ಹಿಂದಿನ ಸೀಟಿಗೆ ತುಂಬಿ, ತನ್ನ ಹಳೆಯ ರಷ್ಯನ್ ಕಾರನ್ನು ಸೀದಾ ಇಲ್ಲಿಗೆ ಓಡಿಸಿಕೊಂಡು ಬಂದಿದ್ದ.

“ಸೋಮವಾರ ಆಗಲ್ಲ ಮಗಳೇ,” ಅವನು ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದ. “ನಡುವೆ ಶನಿವಾರ, ಭಾನುವಾರ ಬರುತ್ತೆ. ಇವಳು ಯೋಚನೆ ಮಾಡಿಬಿಡ್ತಾಳೆ.”

“ನನಗೆ ಕಿವಿ ಕೇಳಿಸುತ್ತೆ ಮುದುಕಾ,” ಎಂದಳು ನೆರೇಯ್ದಾ.

ಎವೆಲಿಯೋ ಮಂಡಿಯೂರಿ ಮೇಜಿನ ಕೆಳಗೆ ತಲೆ ಹಾಕಿದ. ಅಲ್ಲಿ ಧೂಳು ಹಿಡಿದ ಒಂದು ಯುಪಿಎಸ್ ಇತ್ತು.

“ಇದು ಯಾಕೆ ಸುಮ್ಮನೆ ಕೂತಿದೆ?”

“ಅದರೊಳಗಿನ ಬ್ಯಾಟರಿ ಸತ್ತು ಯಾವ ಕಾಲವಾಯ್ತು. ಹೊಸದು ಸಿಗಬೇಕಲ್ಲ.”

ಅವನು ಮುಚ್ಚಳ ಬಿಚ್ಚಿ ಆ ಪುಟ್ಟ ಬ್ಯಾಟರಿಯನ್ನು ಹೊರಗೆ ತೆಗೆದ, ಕಣ್ಣ ಹತ್ತಿರ ಹಿಡಿದು ಓದಿದ. “ಹನ್ನೆರಡು ವೋಲ್ಟು. ನನ್ನ ಕಾರಿಂದೂ ಹನ್ನೆರಡೇ.”

ಯಾನೇಲಿಗೆ ಅರ್ಥವಾಗುವುದಕ್ಕೆ ಒಂದು ಕ್ಷಣ ಬೇಕಾಯಿತು. “ಬೇಡಪ್ಪ ಮಾಮಾ. ಇದು ಸರ್ಕಾರದ ಕಂಪ್ಯೂಟರು. ಸುಟ್ಟುಹೋದ್ರೆ ನನ್ನ ಕೆಲಸವೂ ಅದರ ಜೊತೆಗೇ ಹೋಗುತ್ತೆ.”

“ಸುಡಲ್ಲ. ಇವಳ ಜೊತೆ ಇಷ್ಟು ವರ್ಷ ಬಾಳಿದೀನಿ. ಯಾವುದನ್ನ ಎಲ್ಲಿ ಮುಟ್ಟಬಾರದು ಅಂತ ನನಗೆ ಚೆನ್ನಾಗಿ ಗೊತ್ತು.”

ಪಕ್ಕದ ಮನೆಯವನು ಗೊಳ್ಳನೆ ನಕ್ಕ. ಯಾನೇಲಿ ವಧುವಿನ ಮುಖ ನೋಡಿದಳು. “ನೀವೇನಂತೀರಿ ಅತ್ತೆ?”

“ಬಿಡು ಅವನನ್ನ,” ನೆರೇಯ್ದಾ ಬೀಸಣಿಗೆ ಬಿಡಿಸಿದಳು. “ಎಲ್ಲಿವರೆಗೆ ಹೋಗ್ತಾನೋ ನೋಡೋಣ.”

ಎವೆಲಿಯೋ ಕಾರನ್ನು ಫುಟ್‌ಪಾತಿಗೆ ಹತ್ತಿಸಿ, ಮೂತಿಯನ್ನು ಕಿಟಕಿಗೆ ತಾಗಿಸಿ ನಿಲ್ಲಿಸಿ, ಬಾನೆಟ್ ಎತ್ತಿದ. ದಾರಿಯಲ್ಲಿ ಗಾಡಿ ನಿಂತರೆ ಇನ್ನೊಂದು ಗಾಡಿಯಿಂದ ಕರೆಂಟ್ ಎಳೆಯಲು ಡಿಕ್ಕಿಯಲ್ಲಿಟ್ಟಿದ್ದ ದಪ್ಪ ವೈರುಗಳನ್ನು ಬ್ಯಾಟರಿಗೆ ಕಚ್ಚಿಸಿ ಕಿಟಕಿಯ ಸರಳುಗಳ ನಡುವೆ ಒಳಗೆ ತೂರಿಸಿದ. ಒಂದು ಮೊಳ ಕಡಿಮೆ ಬಿತ್ತು. ಆಗ ಸಾಕ್ಷಿಗಳಿಬ್ಬರು ಮೇಜಿನ ಒಂದು ತುದಿ, ಯಾನೇಲಿ ಇನ್ನೊಂದು ತುದಿ ಹಿಡಿದು ಕಿಟಕಿಯತ್ತ ಎಳೆದರು. ಮೇಜು ಕದಲದಿದ್ದಾಗ ಮದುಮಗಳೂ ಎದ್ದು ಸೊಂಟ ಕೊಟ್ಟು ನೂಕಿದಳು.

ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಅವನು ನೆಲದ ಮೇಲೆ ಕೂತ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ನೋಡಿದ, ಮತ್ತೆ ನೋಡಿದ. ಬಿಳಿ ಅಂಗಿಯ ತೋಳಿಗೆ ಗ್ರೀಸ್ ಮೆತ್ತಿಕೊಂಡಿತ್ತು. ಕೊನೆಯ ತುದಿ ಮುಟ್ಟಿಸಿದಾಗ ಚಟ್ಟೆಂದು ಒಂದು ಕಿಡಿ ಹಾರಿತು. ಯಾನೇಲಿ ಕಣ್ಣು ಮುಚ್ಚಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಕಣ್ಣು ತೆರೆದಾಗ ಪರದೆಯ ಮೇಲೆ ನೀಲಿ ಬೆಳಕಿತ್ತು. ಮೇಜಿನ ಕೆಳಗಿನ ಪೆಟ್ಟಿಗೆ ಕೀಂ, ಕೀಂ ಎಂದು ಕೂಗತೊಡಗಿತು. ಪಕ್ಕದ ಮನೆಯವಳು ಅದಕ್ಕೆ ಸರಿಯಾಗಿ ಚಪ್ಪಾಳೆ ಹಾಕಿದಳು, ಆಮೇಲೆ ಸೊಂಟವನ್ನೂ ಕುಣಿಸಿದಳು. ಬೀದಿಯಲ್ಲಿ ಹೋಗುತ್ತಿದ್ದವರು ಕಾರಿನ ಅಕ್ಕಪಕ್ಕ ಬಂದು ನಿಂತು ಒಳಗೆ ಇಣುಕಿದರು.

ಯಾನೇಲಿ ನಗು ತಡೆದುಕೊಂಡು ಮತ್ತೆ ಮೊದಲಿನಿಂದ ಹೆಸರು ಟೈಪ್ ಮಾಡಿದಳು. ಬಳಿಕ ಗಂಟಲು ಸರಿಮಾಡಿಕೊಂಡು ಎವೆಲಿಯೋನನ್ನು ಕೇಳಿದಳು. ಪ್ರಶ್ನೆ ಮುಗಿಯುವ ಮೊದಲೇ ಅವನು ಹೂಂ ಎಂದಿದ್ದ. ಅವಳು ನೆರೇಯ್ದಾಳ ಕಡೆ ತಿರುಗಿ, “ನಿಮಗೂ ಒಪ್ಪಿಗೆಯಾ?” ಎಂದಳು.

ನೆರೇಯ್ದಾ ಬಾಯಿ ತೆರೆಯಬೇಕು, ಅಷ್ಟರಲ್ಲಿ ಫ್ಯಾನು ಕಿರ್ರೆಂದು ತಿರುಗಿತು. ಟ್ಯೂಬ್‌ಲೈಟು ಹೊತ್ತಿಕೊಂಡಿತು. ಬೀದಿಯುದ್ದಕ್ಕೂ ಮನೆಮನೆಯಿಂದ “ಬಂತು, ಬಂತು” ಎಂಬ ಕೂಗು ಕೇಳಿಸಿತು.

“ಅಬ್ಬಾ,” ಯಾನೇಲಿ ಉಸಿರು ಬಿಟ್ಟಳು. “ಮಾಮಾ, ಆ ವೈರು ಬಿಚ್ಚಿ ಪ್ಲಗ್ ಹಾಕಿಬಿಡಿ. ಇನ್ನು ಅವಸರವೇ ಇಲ್ಲ. ಅತ್ತೆ ನಿಧಾನವಾಗಿ ಯೋಚಿಸಿ ಹೇಳಲಿ.”

ಯೋಚಿಸಿ ಎಂಬ ಮಾತು ಕೇಳಿ ಎವೆಲಿಯೋನ ಭುಜಗಳು ಇಳಿದವು. ಅವನು ಮೆಲ್ಲಗೆ ಪ್ಲಗ್ಗಿಗೆ ಕೈ ಚಾಚಿದ. ನೆರೇಯ್ದಾ ತನ್ನ ಬಿಳಿ ಚಪ್ಪಲಿಯ ಕಾಲನ್ನು ಅದರ ಮೇಲಿಟ್ಟಳು.

“ಅದನ್ನ ಅಲ್ಲೇ ಬಿಡು.”

“ಕರೆಂಟ್ ಬಂದಿದೆಯಲ್ಲೇ.”

“ಅದು ಬರುತ್ತೆ, ಹೋಗುತ್ತೆ. ಅದನ್ನ ನಂಬ್ಕೊಂಡು ನಾನು ಹೂಂ ಅನ್ನಲ್ಲ,” ಎಂದು ಅವಳು ಯಾನೇಲಿಯತ್ತ ತಿರುಗಿದಳು. “ಹೂಂ. ಬರ್ಕೋ ಮಗಳೇ.”

ಊರಿಗೆಲ್ಲ ಕರೆಂಟ್ ಬಂದಿದ್ದ ಆ ಹೊತ್ತಿನಲ್ಲಿ, ಉರಿಯುವ ಟ್ಯೂಬ್‌ಲೈಟಿನ ಕೆಳಗೆ, ಆ ಒಂದು ಮದುವೆ ಮಾತ್ರ ಕಾರಿನ ಬ್ಯಾಟರಿಯ ಮೇಲೆಯೇ ಪೂರ್ತಿಯಾಯಿತು.