ದಿಬ್ಬೂರಹಳ್ಳಿಯ ಹುರುಳಿ ಸಾರು

ಹುರುಳಿ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದಾಗಲೆಲ್ಲ ನನಗೆ ದಿಬ್ಬೂರಹಳ್ಳಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಜ್ವರ ಬಿಟ್ಟರೂ ನನ್ನ ಪುಟ್ಟ ತಂಗಿ ನಾಲ್ಕು ದಿನದಿಂದ ಒಂದು ತುತ್ತೂ ತಿಂದಿರಲಿಲ್ಲ. ಚಿಂತಾಮಣಿಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಬಸ್ಸು ಕೆಟ್ಟು ನಿಂತಿತು. ಅಮ್ಮ ಅವಳನ್ನು ಎತ್ತಿಕೊಂಡು, ನೆರಳಿಗೆಂದು ರಸ್ತೆ ಬದಿಯ ಮನೆಯೊಂದರ ಜಗಲಿಯಲ್ಲಿ ಕೂತಳು. ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದ ಆ ಮನೆಯ ಅಜ್ಜಿ ಎದ್ದು ಕೈತೊಳೆದು, ಬಿಸಿ ಮುದ್ದೆ, ಹುರುಳಿ ಸಾರು ತಂದರು.

"ಏನೂ ತಿನ್ನಲ್ಲ ಅಜ್ಜಿ," ಎಂದಳು ಅಮ್ಮ.

"ನೀನ್ ಸುಮ್ನಿರಮ್ಮಾ. ಬಾ ಬಂಗಾರು, ಅಗೀಬೇಡ, ನುಂಗು."

ತಂಗಿ ನುಂಗಿದಳು. ಮತ್ತೆ ತಾನೇ ಬಾಯಿ ತೆರೆದಳು. ತಟ್ಟೆ ಖಾಲಿಯಾಯಿತು. ಆಮೇಲೆ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಸಂಕೋಚದಿಂದಲೇ ಕೇಳಿದಳು: "ಅಜ್ಜಿ, ನಂಗೂ ಒಂದ್ ತುತ್ತು ಕೊಡ್ತೀರಾ?"