ಎದ್ದು ನಿಂತವರು

“ಗಣಿತದ ಮೇಷ್ಟ್ರನ್ನ ಈ ವರ್ಷವೇ ಬೀಳ್ಕೊಡೋಣ ಅನ್ನೋರು ಎದ್ದು ನಿಲ್ಲಿ,” ಎಂದರು ಶಾಲಾ ಮಂಡಳಿಯ ಅಧ್ಯಕ್ಷರು. ಎದ್ದವಳು ಪೋಷಕರ ಪರವಾಗಿ ಬಂದಿದ್ದ ನರ್ಸ್ ಒಬ್ಬಳೇ. ಗಣಿತದ ಪಾಠವಿದ್ದ ದಿನ ಅವಳ ಮಗಳಿಗೆ ತಪ್ಪದೆ ಹೊಟ್ಟೆನೋವು. ಅಧ್ಯಕ್ಷರೂ ಸೇರಿ ಉಳಿದ ನಾಲ್ವರು ಆ ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು; ನೆಲ ನೋಡುತ್ತ ಕುಳಿತಿದ್ದರು.

ಅಷ್ಟರಲ್ಲಿ, ಮರೆತ ಕನ್ನಡಕಕ್ಕೆಂದು ಮೇಷ್ಟ್ರೇ ಒಳಬಂದರು. ನಾಲ್ವರೂ ದಡಕ್ಕನೆ ಎದ್ದರು. ಅವರಲ್ಲೊಬ್ಬನಾದ ದಂತವೈದ್ಯನಂತೂ ಅಂಗಿಯ ಗುಂಡಿ ಹಾಕಿಕೊಂಡ. ಇವರನ್ನು ಎಬ್ಬಿಸಿದ್ದು ಭಯವೋ ಪ್ರೀತಿಯೋ ಎಂದು ನರ್ಸ್ ಒಬ್ಬೊಬ್ಬರ ಮುಖವನ್ನೂ ನೋಡಿದಳು.

“ಕೂತ್ಕೊಳ್ರೋ, ಇನ್ನೂ ಬುದ್ಧಿ ಬಂದಿಲ್ಲ ನಿಮಗೆ.” ನಾಲ್ವರೂ ನಗುತ್ತ ಕುಳಿತರು. ಮೇಷ್ಟ್ರು ಅವಳತ್ತ ತಿರುಗಿದರು. “ನೀವು ನನ್ನ ಹತ್ರ ಕಲಿತವರಲ್ವಲ್ಲಮ್ಮ, ನೀವ್ಯಾಕೆ ನಿಂತ್ರಿ?”

“ನಿಮ್ಮ ಕ್ಲಾಸ್ ಅಂದ್ರೆ ನನ್ನ ಮಗಳಿಗೆ ಯಾಕೆ ಹೊಟ್ಟೆನೋವು ಬರುತ್ತೆ ಸರ್?” ಎಂದು ಕೇಳಿ, ನರ್ಸ್ ತನ್ನ ಕುರ್ಚಿಯನ್ನು ಅವರತ್ತ ಸರಿಸಿದಳು.